ಲ್ಯಾಟಿನ್ ಬಾರದವರೂ ಲ್ಯಾಟಿನ್ ಹಸ್ತಪ್ರತಿಯ ಚರಿತ್ರೆ ಬಿಡಿಸುವ ಬಗೆ: ಅಬರ್ಡೀನಿನ ಪ್ರಾಣಿಗ್ರಂಥವನ್ನು ಮುಂದಿಟ್ಟುಕೊಂಡು

ಹಸ್ತಪ್ರತಿಯ ಚರಿತ್ರೆ ಬರೆಯಲು ಹೊರಟವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಅದನ್ನು ಎಲ್ಲಿ, ಯಾವಾಗ, ಯಾವ ಕೈಗಳು ಮಾಡಿದವು ಎಂಬುದು ಒಂದು. ಮಾಡಿ ಮುಗಿದ ಮೇಲೆ ಅದು ಯಾರ ಯಾರ ಒಡೆತನ ದಾಟಿ ಈಗಿರುವ ಕಪಾಟಿಗೆ ಬಂದು ಸೇರಿತು ಎಂಬುದು ಇನ್ನೊಂದು. ಎರಡಕ್ಕೂ ಬೇಕಾದ ಸಾಕ್ಷಿ ಹೆಚ್ಚಾಗಿ ಹಾಳೆಯ ಮೇಲೇ ಸಿಗುತ್ತದೆ. ಅಂಚಿನ ತೂತು, ಬೆರಳಿನ ಕೊಳೆ, ಬಣ್ಣ ಉದುರಿದ ಜಾಗ, ಮೊದಲ ಹಾಳೆಯ ಮೂಲೆಯಲ್ಲಿ ಯಾರೋ ಬರೆದಿಟ್ಟ ಒಂದು ಸಂಖ್ಯೆ, ಇವೇ ನಮ್ಮ ಸಾಕ್ಷಿಗಳು.

ನನ್ನ ಉದ್ಯೋಗದ ಬಹುಭಾಗ ಓಲೆಗರಿ ಕಟ್ಟುಗಳ ಸೂಚಿ ತಯಾರಿಸುವುದರಲ್ಲಿ ಕಳೆಯಿತು. ನಿವೃತ್ತಿಯಾದ ಮೇಲೆ ಭಾನುವಾರ ಬೆಳಿಗ್ಗೆ ಸರಸ್ವತೀಪುರದ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕಾರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಹಸ್ತಪ್ರತಿ ನೋಡುವುದನ್ನು ಕಲಿಸುತ್ತೇನೆ. ಓಲೆಗರಿಯ ಜೊತೆಗೆ ಬೇರೆ ನಾಡಿನ ಒಂದು ಪ್ರತಿಯನ್ನೂ ಅವರ ಕೈಯಲ್ಲಿ ಬಿಡಿಸುತ್ತೇನೆ. ಓದಲು ಬರುವ ಲಿಪಿ ಕಣ್ಣೆದುರು ಇದ್ದರೆ ಕಣ್ಣು ತಾನಾಗಿ ಅಕ್ಷರದ ಹಿಂದೆ ಹೋಗುತ್ತದೆ, ವಸ್ತುವನ್ನು ನೋಡುವುದೇ ಇಲ್ಲ. ಲ್ಯಾಟಿನ್ ಪ್ರತಿ ಕೊಟ್ಟರೆ ಬೇರೆ ದಾರಿಯಿಲ್ಲ, ವಸ್ತುವನ್ನೇ ನೋಡಬೇಕು. "ಮೇಡಂ, ನಮಗೆ ಲ್ಯಾಟಿನ್ನೇ ಬರಲ್ವಲ್ಲ" ಎಂದು ಪ್ರತಿ ವರ್ಷ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಬರದಿರುವುದೇ ಒಳ್ಳೆಯದು, ಕೂತುಕೊಳ್ಳಿ ಎನ್ನುತ್ತೇನೆ.

ನಾನು ಯಾವಾಗಲೂ ತೆಗೆದುಕೊಳ್ಳುವುದು ಅಬರ್ಡೀನ್ ಬೆಸ್ಟಿಯರಿಯನ್ನು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಇದರ ಸಂಖ್ಯೆ ಹಸ್ತಪ್ರತಿ 24. ಸುಮಾರು 1200ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ತಯಾರಾದದ್ದು. ಬೆಸ್ಟಿಯರಿ ಎಂದರೆ ಮೃಗ, ಪಕ್ಷಿ, ಹಾವು, ಮೀನು, ಮರ, ಕಲ್ಲುಗಳ ಗುಣಗಳನ್ನು ಹೇಳಿ, ಒಂದೊಂದರಿಂದಲೂ ಕ್ರೈಸ್ತ ನೀತಿ ತೆಗೆಯುವ ಸಚಿತ್ರ ಗ್ರಂಥ. ಪುಟಪುಟವೂ ದೊಡ್ಡ ಚಿತ್ರಗಳಾಗಿ, ಲ್ಯಾಟಿನ್ ಪಾಠ ಮತ್ತು ಅದರ ಇಂಗ್ಲಿಷ್ ಅನುವಾದದ ಸಮೇತ, ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಯಾರಿಗೂ ದುಡ್ಡು ಕೊಡದೆ ಸಿಗುತ್ತದೆ. 1996ರಲ್ಲೇ ಇದನ್ನು ಅಂತರ್ಜಾಲಕ್ಕೆ ಹಾಕಿದರು, 2016ರಲ್ಲಿ ಇನ್ನೂ ಸೂಕ್ಷ್ಮವಾದ ಚಿತ್ರಗಳನ್ನು ಕೊಟ್ಟರು. ಮೊಬೈಲಿನಲ್ಲಿ ನೋಡಬೇಡಿ. ಕಂಪ್ಯೂಟರಿನ ಅಗಲ ಪರದೆ ಬೇಕು, ಕೋಣೆಯ ದೀಪ ಮಂದವಾಗಿರಬೇಕು.

ಮೊದಲು ನೋಟ್‌ಬುಕ್ಕು

ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಅಂಕಣ ಎಳೆಯಿರಿ: ಕಂಡದ್ದು, ಬೇರೆಯವರು ಹೇಳಿದ್ದು, ಊಹೆ. ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಹಾಳೆಯಲ್ಲಿ ಕಣ್ಣಿಗೆ ಬಿದ್ದದ್ದು ಮೊದಲ ಅಂಕಣಕ್ಕೆ. ಹಳೆಯ ಪಟ್ಟಿಯಲ್ಲೋ ವಿದ್ವಾಂಸರ ಬರಹದಲ್ಲೋ ಸಿಕ್ಕಿದ್ದು ಎರಡನೆಯದಕ್ಕೆ. "ಹಾಗಾದರೆ ಹೀಗಿರಬೇಕು" ಎಂದು ನಿಮ್ಮ ಮನಸ್ಸು ಹೇಳಿದ್ದು ಮೂರನೆಯದಕ್ಕೆ. ಮೂರನೆಯ ಅಂಕಣದ ಮಾತು ಮೊದಲನೆಯದಕ್ಕೆ ಜಾರಿಬಿಟ್ಟರೆ, ಅದು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹಾರಿಕೊಂಡು ನೂರು ವರ್ಷ ಬದುಕುತ್ತದೆ. ಓಲೆಗರಿಯ ಸೂಚಿಗಳಲ್ಲಿ ಇಂಥವನ್ನು ಬೇಕಾದಷ್ಟು ಕಂಡಿದ್ದೇನೆ.

ಹಾಳೆಗಳ ಲೆಕ್ಕ ನಮ್ಮ ಅಚ್ಚಿನ ಪುಸ್ತಕದಂತಲ್ಲ. ಅಲ್ಲಿ ಪುಟಕ್ಕೆ ಸಂಖ್ಯೆಯಿಲ್ಲ, ಹಾಳೆಗೆ ಸಂಖ್ಯೆ. ಹಾಗಾಗಿ 7 ಮುಂಬದಿ, 7 ಹಿಂಬದಿ ಎಂದು ಬರೆದುಕೊಳ್ಳಿ. ಈ ಪ್ರತಿಯಲ್ಲಿ ಈಗ 103 ಹಾಳೆಗಳಿವೆ, ಒಂದೊಂದೂ ಸುಮಾರು 30 ಸೆಂಟಿಮೀಟರ್ ಎತ್ತರ, 21 ಸೆಂಟಿಮೀಟರ್ ಅಗಲ.

ಚಿತ್ರಗಳಿಗೆ ಹಾರಬೇಡಿ. ಹೇಳಿದರೂ ಎಲ್ಲರೂ ಹಾರುತ್ತಾರೆ, ಅದರಲ್ಲಿ ಏನೂ ತಪ್ಪಿಲ್ಲ. 5 ಮುಂಬದಿಯಲ್ಲಿ ಆದಾಮ ಪ್ರಾಣಿಗಳಿಗೆ ಹೆಸರಿಡುತ್ತಿರುವುದನ್ನೂ, 56 ಮುಂಬದಿಯಲ್ಲಿ ಫೀನಿಕ್ಸ್ ಹಕ್ಕಿ ಬೆಂಕಿಯಲ್ಲಿ ಕೂತಿರುವುದನ್ನೂ ಒಮ್ಮೆ ಕಣ್ತುಂಬ ನೋಡಿಬಿಡಿ. ಆಮೇಲೆ ಮೊದಲ ಹಾಳೆಗೆ ಹಿಂತಿರುಗಿ, ಒಂದನ್ನೂ ಬಿಡದೆ ವರಸೆಯಾಗಿ ಬನ್ನಿ.

ಚರ್ಮ

ಹಾಳೆ ಕಾಗದವಲ್ಲ, ಕರುವಿನದೋ ಕುರಿಯದೋ ಮೇಕೆಯದೋ ಚರ್ಮ. ಚರ್ಮವನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಕೂದಲು ತೆಗೆದು, ಮರದ ಚೌಕಟ್ಟಿಗೆ ಎಳೆದು ಕಟ್ಟಿ, ಅರ್ಧಚಂದ್ರದ ಆಕಾರದ ಬಾಗುಗತ್ತಿಯಿಂದ ಹೆರೆಯುತ್ತಿದ್ದರು. ಹದ ಮಾಡಿ ಚಪ್ಪಲಿಗೆ ಬಳಸುವ ಚರ್ಮಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಎಳೆತದಲ್ಲೇ ಒಣಗಿದ್ದರಿಂದ ಇದು ಬಿಳಿಯಾಗಿ, ಬಿಗಿಯಾಗಿ, ಎರಡೂ ಬದಿ ಬರೆಯಲು ಬರುವಂತೆ ಆಗುತ್ತದೆ.

ಕೂದಲಿದ್ದ ಬದಿ ಸ್ವಲ್ಪ ಹಳದಿ, ಹತ್ತಿರದಿಂದ ನೋಡಿದರೆ ರೋಮಕೂಪಗಳ ಚುಕ್ಕಿ. ಮಾಂಸದ ಬದಿ ಬಿಳುಪು, ನುಣುಪು. ಪುಸ್ತಕ ಮಾಡುವವರು ಎದುರುಬದುರಿನ ಎರಡು ಪುಟ ಒಂದೇ ಬಣ್ಣ ಕಾಣಲೆಂದು ಕೂದಲಿನ ಬದಿಗೆ ಕೂದಲಿನ ಬದಿ, ಮಾಂಸದ ಬದಿಗೆ ಮಾಂಸದ ಬದಿ ಎದುರಾಗುವಂತೆ ಹಾಳೆ ಜೋಡಿಸುತ್ತಿದ್ದರು. ಪುಸ್ತಕ ತೆರೆದಾಗ ಎಡದ ಪುಟ ಹಳದಿ, ಬಲದ್ದು ಬಿಳಿ ಕಂಡರೆ ಅಲ್ಲೇ ನಿಲ್ಲಿ. ಅಲ್ಲಿಂದ ಒಂದು ಹಾಳೆ ಹೋಗಿರಬಹುದು. ಇದನ್ನು ಮೊದಲ ಅಂಕಣದಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಚರ್ಮದಲ್ಲಿ ದುಂಡನೆಯ ತೂತು ಕಂಡರೆ ಗಾಬರಿಯಾಗಬೇಡಿ. ಪ್ರಾಣಿಯ ಮೈಮೇಲಿನ ಸಣ್ಣ ಗಾಯ, ಹುಳದ ಕಡಿತ, ಚೌಕಟ್ಟಿನ ಎಳೆತಕ್ಕೆ ಅಗಲವಾಗಿ ಹೀಗಾಗುತ್ತದೆ. ಅಕ್ಷರಗಳು ಆ ತೂತನ್ನು ಬಳಸಿಕೊಂಡು ಹೋಗಿದ್ದರೆ ತೂತು ಬರವಣಿಗೆಗಿಂತ ಮೊದಲಿನದು. ತೂತು ಅಕ್ಷರವನ್ನೇ ನುಂಗಿದ್ದರೆ ಆಮೇಲಿನದು.

ಒಂದು ಲೆಕ್ಕವನ್ನೂ ಹುಡುಗರ ಕೈಯಲ್ಲಿ ಮಾಡಿಸುತ್ತೇನೆ. ಎರಡು ಹಾಳೆ ಸೇರಿದ ಒಂದು ಮಡಿಕೆಗೆ ಸುಮಾರು 42 ಸೆಂಟಿಮೀಟರಿಗೆ 30 ಸೆಂಟಿಮೀಟರಿನ ತುಂಡು ಬೇಕು. 103 ಹಾಳೆಗೆ 52 ತುಂಡು. ಒಂದು ಚರ್ಮದಲ್ಲಿ ಎರಡು ತುಂಡು ಬಂದರೆ 26 ಪ್ರಾಣಿ. ಇದು ಮೂರನೆಯ ಅಂಕಣದ ಮಾತು, ಒಪ್ಪಿಕೊಳ್ಳೋಣ. ಆದರೆ ಅಕ್ಷರ ಬೀಳುವ ಮೊದಲೇ ಯಾರೋ ಒಂದು ಸಣ್ಣ ಹಿಂಡನ್ನು ಈ ಪುಸ್ತಕಕ್ಕೆ ಖರ್ಚು ಮಾಡಿದ್ದರು ಎಂಬುದು ತಲೆಗೆ ಹೋದ ಮೇಲೆ, ಇದನ್ನು ಮಾಡಿಸಿದವರು ಬಡವರಲ್ಲ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ತೂತು, ಗೆರೆ, ಅಕ್ಷರ

ಹಾಳೆಯ ಅಂಚಿನಲ್ಲಿ ಸಮ ಅಂತರದಲ್ಲಿ ಸಾಲಾಗಿ ಸಣ್ಣ ಚುಚ್ಚು ಗುರುತುಗಳನ್ನು ಹುಡುಕಿ. ಗೆರೆ ಎಳೆಯಲು ಮಾಡಿಕೊಂಡ ಗುರುತು ಅವು. ಈ ಚುಚ್ಚು ಕೆಲವು ಕಡೆ ಇಲ್ಲದೆ ಹೋದರೆ, ಮುಂದೆ ಎಂದೋ ಮರುಹೊಲಿಗೆ ಹಾಕಿದವರು ಅಂಚು ಕತ್ತರಿಸಿದ್ದಾರೆ ಎಂದು ತಿಳಿಯಬಹುದು.

ಆಮೇಲೆ ಗೆರೆ. ಚರ್ಮವನ್ನು ಮೊಂಡು ಮೊನೆಯಿಂದ ಒತ್ತಿ ಎಳೆದ ಬಣ್ಣವಿಲ್ಲದ ಗೆರೆಯೋ, ಸೀಸದ ಕಡ್ಡಿಯಿಂದ ಎಳೆದ ಬೂದು ಗೆರೆಯೋ ನೋಡಿ. ಹನ್ನೆರಡನೆಯ ಶತಮಾನ ಸಾಗುತ್ತ ಇಂಗ್ಲೆಂಡಿನಲ್ಲಿ ಒತ್ತುಗೆರೆ ಹೋಗಿ ಸೀಸದ ಗೆರೆ ಬಳಕೆಗೆ ಬಂತು. ಇದಕ್ಕಿಂತ ಹರಿತವಾದ ಪರೀಕ್ಷೆ ಇನ್ನೊಂದಿದೆ. ಪುಟದ ಬರವಣಿಗೆಯ ಮೊದಲ ಸಾಲು ಅತಿ ಮೇಲಿನ ಗೆರೆಯ ಮೇಲೆ ನಿಂತಿದೆಯೋ, ಅದರ ಕೆಳಗೆ ಶುರುವಾಗಿದೆಯೋ? ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ ಬರಹಗಾರರು ಮೇಲಿನ ಗೆರೆಯನ್ನು ಖಾಲಿ ಬಿಟ್ಟು ಅದರ ಕೆಳಗಿನಿಂದ ಬರೆಯುವ ರೂಢಿಗೆ ಬಂದರು. ಇದನ್ನು ಎತ್ತಿ ತೋರಿಸಿದವರು ಇಂಗ್ಲೆಂಡಿನ ಹಸ್ತಪ್ರತಿ ತಜ್ಞ ನೀಲ್ ಕೆರ್. ಒಂದಕ್ಷರ ಲ್ಯಾಟಿನ್ ಬರದವರೂ ಮಾಡಬಹುದಾದ ಕಾಲನಿರ್ಣಯ ಇದು, ಅದಕ್ಕೇ ನನಗೆ ಇದರ ಮೇಲೆ ಅಷ್ಟು ಪ್ರೀತಿ. ನೀವೇ ತೆರೆದು ನೋಡಿ ಮೊದಲ ಅಂಕಣ ತುಂಬಿ.

ಅಕ್ಷರದ ಆಕಾರ ಕೊನೆಗೆ. ದುಂಡನೆಯ ಅಕ್ಷರಗಳು ಒಂದರ ಪಕ್ಕ ಒಂದು ಬಂದಾಗ ಹೊಟ್ಟೆಗೆ ಹೊಟ್ಟೆ ಅಂಟಿಕೊಂಡಿವೆಯೇ, ಬಿಡಿಬಿಡಿಯಾಗಿವೆಯೇ ನೋಡಿ. ಅಂಟುವಿಕೆ ಹೆಚ್ಚಿದಷ್ಟೂ ಕಾಲ ಹದಿಮೂರನೆಯ ಶತಮಾನದ ಒಳಕ್ಕೆ ಸರಿಯುತ್ತದೆ. ಶಾಯಿ ಓಕ್ ಮರದ ಗಂಟುಕಾಯಿ, ಕಬ್ಬಿಣದ ಉಪ್ಪು, ಗೋಂದು ಸೇರಿಸಿ ಮಾಡಿದ್ದು. ಬರೆದದ್ದು ಹೆಬ್ಬಾತಿನ ಗರಿಯಲ್ಲಿ. ಎಡಗೈಯಲ್ಲಿ ಸಣ್ಣ ಚಾಕು ಹಿಡಿದಿರುತ್ತಿದ್ದರು, ಗರಿ ಚೂಪು ಮಾಡಲು, ತಪ್ಪು ಹೆರೆಯಲು, ಉಬ್ಬಿದ ಚರ್ಮವನ್ನು ಅದುಮಿ ಹಿಡಿಯಲು. ಹೆರೆದು ತಿದ್ದಿದ ಜಾಗ ಒರಟಾಗಿ ಕಾಣುತ್ತದೆ.

ಚಿತ್ರಗಳ ಒಳಗೆ

ಇನ್ನು ಚಿತ್ರಗಳಿಗೆ ಬರೋಣ, ಇಲ್ಲಿ ನಿಧಾನವಾಗಿ ಕೂರಬೇಕು.

ಇಂಥ ಪುಸ್ತಕದಲ್ಲಿ ಮೊದಲು ಬರಹ, ಆಮೇಲೆ ಚಿತ್ರ. ಬರಹಗಾರ ಚಿತ್ರಕ್ಕೆ ಜಾಗ ಬಿಟ್ಟು ಮುಂದೆ ಹೋಗುತ್ತಾನೆ. ಚಿತ್ರಗಾರ ಮೊದಲು ಸೀಸದಲ್ಲೋ ತೆಳು ಶಾಯಿಯಲ್ಲೋ ರೇಖೆ ಹಾಕುತ್ತಾನೆ, ನಂತರ ಚಿನ್ನ, ನಂತರ ಬಣ್ಣ, ಕೊನೆಗೆ ಅಂಚಿನ ಕಪ್ಪು ಗೆರೆ. ಚಿನ್ನ ಬಣ್ಣಕ್ಕಿಂತ ಮೊದಲೇ ಬರಲು ಎರಡು ಕಾರಣ: ತಗಡು ಎಲ್ಲೆಂದರಲ್ಲಿ ಅಂಟುತ್ತದೆ, ಉಜ್ಜುವಾಗ ಪಕ್ಕದ ಬಣ್ಣ ಹಾಳಾಗುತ್ತದೆ. ಸುಣ್ಣದ ಪುಡಿ, ಅಂಟು, ಕೆಲವೊಮ್ಮೆ ಕೆಂಪು ಜೇಡಿ ಸೇರಿಸಿದ ಲೇಪವನ್ನು ಉಬ್ಬಾಗಿ ಹಚ್ಚಿ, ಒಣಗಿದ ಮೇಲೆ ಉಸಿರಿನ ತೇವ ಕೊಟ್ಟು ಚಿನ್ನದ ತಗಡು ಇಟ್ಟು, ನಾಯಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ಹೊಳಪು ಬರುವ ತನಕ ಉಜ್ಜುತ್ತಿದ್ದರು. ಈ ಪ್ರತಿಯ ಮೊದಲ ಹಾಳೆಗಳಲ್ಲಿ ಸೃಷ್ಟಿಯ ಕಥೆಯಿದೆ, 4 ಹಿಂಬದಿಯಲ್ಲಿ ಸಿಂಹಾಸನದ ಕ್ರಿಸ್ತ. ಅಲ್ಲೆಲ್ಲ ಹಿನ್ನೆಲೆಗೇ ಚಿನ್ನ. ದೊಡ್ಡದು ಮಾಡಿ ನೋಡಿ, ಚಿನ್ನ ಉದುರಿದ ಕಡೆ ಅಡಿಯ ಲೇಪದ ಬಣ್ಣ ಬರೆದುಕೊಳ್ಳಿ. ಚಿನ್ನದ ಅಂಚಿನ ಮೇಲೆ ಬಣ್ಣ ಹತ್ತಿದೆಯೋ, ಬಣ್ಣದ ಮೇಲೆ ಚಿನ್ನವೋ ನೋಡಿದರೆ ಕೆಲಸದ ವರಸೆ ನಿಮಗೇ ತಿಳಿಯುತ್ತದೆ.

ಈ ಬಗೆಯ ಐಷಾರಾಮದ ಪುಸ್ತಕಗಳ ಗಾಢ ನೀಲಿಗೆ ಬೇಕಾದ ಲಾಜವರ್ದ ಕಲ್ಲು ಆಗ ಬರುತ್ತಿದ್ದದ್ದು ಇಂದಿನ ಅಫ್ಘಾನಿಸ್ತಾನದ ಬದಖ್ಷಾನ್ ಗಣಿಗಳಿಂದ. ಆದರೆ ನೀಲಿ ಕಂಡ ಕಡೆಯಲ್ಲೆಲ್ಲ ಲಾಜವರ್ದ ಎಂದು ಬರೆಯಬೇಡಿ. ಅಗ್ಗದ ತಾಮ್ರದ ನೀಲಿಯೂ ಇತ್ತು, ಪರದೆಯ ಮೇಲೆ ಎರಡನ್ನೂ ಬೇರ್ಪಡಿಸಲಾಗದು. "ನೀಲಿ" ಎಂದಷ್ಟೇ ಬರೆಯಿರಿ.

ಈಗ ಅಬರ್ಡೀನ್ ಪ್ರತಿಯ ದೊಡ್ಡ ಬೆಲೆಯ ವಿಷಯ. ಇದರಲ್ಲಿ ಕೆಲಸಗಾರರ ಗುರುತುಗಳನ್ನು ಪೂರ್ತಿ ಅಳಿಸಿಲ್ಲ. ಅಂಚುಗಳಲ್ಲಿ ತೆಳು ಕರಡು ರೇಖೆಗಳು ಉಳಿದಿವೆ, ಬಣ್ಣಗಾರನಿಗೂ ದೊಡ್ಡಕ್ಷರ ಬರೆಯುವವನಿಗೂ ಬಿಟ್ಟ ಸಣ್ಣ ಸಣ್ಣ ಸೂಚನೆಗಳು ಉಳಿದಿವೆ. ಮುಗಿಸಿ ಒಪ್ಪ ಮಾಡಿದ ಪುಸ್ತಕದಲ್ಲಿ ಇವನ್ನು ಉಜ್ಜಿ ತೆಗೆಯುತ್ತಿದ್ದರು, ಇಲ್ಲವೇ ಅಂಚಿನೊಂದಿಗೆ ಕತ್ತರಿಸಿಹಾಕುತ್ತಿದ್ದರು. ಹೀಗಾಗಿ ಒಂದು ಕಾರ್ಯಾಗಾರ ಹೇಗೆ ಕೆಲಸ ಹಂಚಿಕೊಳ್ಳುತ್ತಿತ್ತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರತಿಗಳು ಕಡಿಮೆ. ಪ್ರತಿ ಹಾಳೆಯ ನಾಲ್ಕೂ ಅಂಚನ್ನು ದೊಡ್ಡದು ಮಾಡಿ ಒಂದು ಸುತ್ತು ಬನ್ನಿ. ಬೇಸರದ ಕೆಲಸ, ಆದರೆ ಒಂದು ಕರಡು ಮುಖ ಸಿಕ್ಕಿದ ದಿನ ವಿದ್ಯಾರ್ಥಿಗಳು ಮಹಡಿಯಿಂದ ಕೆಳಗಿಳಿಯಲು ಒಪ್ಪುವುದಿಲ್ಲ.

ಕೆಲವು ಪ್ರಾಣಿಗಳ ಅಂಚಿನುದ್ದಕ್ಕೂ ಸೂಜಿಯ ಚುಚ್ಚು ಸಾಲು ಕಾಣುತ್ತದೆ. ಇದನ್ನು ಗೆರೆ ಎಳೆಯುವ ಚುಚ್ಚಿನೊಂದಿಗೆ ಕಲಸಬೇಡಿ. ಚಿತ್ರವನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಲು ಮಾಡಿದ್ದು ಇದು. ರೇಖೆಯ ಮೇಲೆ ಚುಚ್ಚಿ, ಅಡಿಯಲ್ಲಿ ಹಾಳೆಯಿಟ್ಟು, ಇದ್ದಿಲ ಪುಡಿಯ ಪೊಟ್ಟಣದಿಂದ ತಟ್ಟಿದರೆ ಕೆಳಗೆ ಚುಕ್ಕಿಯ ಚಿತ್ರ ಬೀಳುತ್ತದೆ. ಬಾಗಿಲ ಮುಂದೆ ತೂತಿನ ತಗಡಿಟ್ಟು ರಂಗೋಲಿ ಪುಡಿ ಉದುರಿಸಿದ ಹಾಗೆಯೇ. ಹಾಗಾದರೆ ಈ ಪುಸ್ತಕದಿಂದ ಇನ್ನೊಂದು ಪುಸ್ತಕ ಹುಟ್ಟಿದೆ, ಅಥವಾ ಹುಟ್ಟಿಸಲು ಯಾರೋ ಹೊರಟಿದ್ದರು. ಚುಚ್ಚು ಇರುವ ಹಾಳೆಗಳ ಸಂಖ್ಯೆಯನ್ನು ಒಂದು ಪಟ್ಟಿಯಾಗಿ ಮಾಡಿಕೊಳ್ಳಿ.

ಇಲ್ಲದ ಹಾಳೆಗಳನ್ನು ನೋಡುವುದು

ಹಿಂದೆ ಹಳದಿಗೆ ಬಿಳಿ ಎದುರಾದ ಜಾಗಗಳನ್ನು ಬರೆದುಕೊಂಡಿರಲ್ಲ, ಆ ಪಟ್ಟಿ ತೆಗೆಯಿರಿ. ಹಾಳೆಗಳನ್ನು ಸಾಮಾನ್ಯವಾಗಿ ನಾಲ್ಕು ಮಡಿಕೆ ಒಂದರೊಳಗೊಂದು ಇಟ್ಟು ಎಂಟೆಂಟರ ಕಂತೆ ಮಾಡಿ ಹೊಲಿಯುತ್ತಿದ್ದರು. ಏಳು ಅಥವಾ ಆರು ಹಾಳೆಯ ಕಂತೆ ಸಿಕ್ಕರೆ ಸಂಶಯಪಡಬೇಕು. ಮೂರನೆಯ ಸಾಕ್ಷಿ ಪಾಠವೇ: ಒಂದು ಪುಟದ ಕೊನೆಯ ವಾಕ್ಯ ಅರ್ಧಕ್ಕೆ ನಿಂತು ಮುಂದಿನ ಪುಟದಲ್ಲಿ ಬೇರೆ ಪ್ರಾಣಿ ಬಂದುಬಿಡುತ್ತದೆ. ಇಲ್ಲಿ ಜಾಲತಾಣದ ಅನುವಾದ ಸಾಕು.

9ನೆಯ ಹಾಳೆಯ ನಂತರ ಹೀಗಾಗಿದೆ. ಹುಲ್ಲೆ ಅರ್ಧಕ್ಕೆ ನಿಂತಿದೆ, ಒಂಟಿಕೊಂಬಿನ ಕುದುರೆ ಇಲ್ಲ, ಲಿಂಕ್ಸ್ ಇಲ್ಲ, ಗ್ರಿಫಿನ್ ಇಲ್ಲ, ಆನೆಯ ಒಂದು ಭಾಗವೂ ಹೋಗಿದೆ. 15ರ ಬಳಿ ಮೊಸಳೆ ಕಾಣೆ. 21ರ ನಂತರ ಎತ್ತು, ಒಂಟೆ, ಕತ್ತೆ ಇಲ್ಲ. ಹೋಗಿರುವ ಹಾಳೆಗಳಲ್ಲಿ ಜನ ಇಷ್ಟಪಡುವ ಪ್ರಾಣಿಗಳೇ ಹೆಚ್ಚಿವೆ, ಚಿತ್ರಕ್ಕಾಗಿ ಕಿತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಮೂರನೆಯ ಅಂಕಣ.

ಇಲ್ಲದ ಹಾಳೆಯಲ್ಲಿ ಏನಿತ್ತು ಎಂದು ತಿಳಿಯಲು ಒಡಹುಟ್ಟಿದ ಪ್ರತಿ ಬೇಕು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಆಶ್ಮೋಲ್ 1511 ಅಂಥದ್ದು. ಪಾಠ, ಚಿತ್ರದ ವರಸೆ, ಪ್ರಾಣಿಗಳ ನಿಲುವು ಎಷ್ಟೋ ಕಡೆ ಒಂದೇ. ಅದೂ ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತದೆ. ಪರದೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಅಬರ್ಡೀನ್, ಬಲಕ್ಕೆ ಆಶ್ಮೋಲ್ ಇಟ್ಟು ಪ್ರಾಣಿಯಿಂದ ಪ್ರಾಣಿಗೆ ಹೋಗಿ. ಎಡದಲ್ಲಿ ಹೋದ ಆನೆ ಬಲದಲ್ಲಿ ಬೆನ್ನ ಮೇಲೆ ಮರದ ಗೋಪುರ ಹೊತ್ತು ನಿಂತಿರುತ್ತದೆ. ಪರ್ಷಿಯದವರೂ ಇಂಡಿಯಾದವರೂ ಆನೆಯ ಮೇಲೆ ಗೋಪುರ ಕಟ್ಟಿ ಕೋಟೆಯ ಮೇಲಿಂದ ಕಾದಿದಂತೆ ಕಾದುತ್ತಾರೆ ಎಂಬ ಮಾತು ಇಂಥ ಗ್ರಂಥಗಳಿಗೆ ಬಂದದ್ದು ಏಳನೆಯ ಶತಮಾನದ ಸ್ಪೇನಿನ ಬಿಷಪ್ ಇಸಿದೋರನಿಂದ. ನಮ್ಮ ಗಿಳಿಯೂ ಅವನಲ್ಲಿದೆ: ಇಂಡಿಯಾದಲ್ಲಿ ಹುಟ್ಟುವ ಹಸಿರು ಹಕ್ಕಿ, ಕೊರಳಲ್ಲಿ ಕೆಂಪು ಬಳೆ, ದೊಡ್ಡ ನಾಲಿಗೆ, ಮಾತಾಡುತ್ತದೆ. ಕೊರಳಪಟ್ಟಿಯ ವಿವರ ಎಷ್ಟು ಸರಿ ನೋಡಿ. ಕಣ್ಣಾರೆ ಕಾಣದ ನಾಡಿನ ಹಕ್ಕಿಯ ಬಣ್ಣ ಪುಸ್ತಕದಿಂದ ಪುಸ್ತಕಕ್ಕೆ ಇಷ್ಟು ಜೋಪಾನವಾಗಿ ಸಾಗಿಬಂತಲ್ಲ ಎಂದು ನನಗೆ ಪ್ರತಿ ಸಲ ಸಂತೋಷವಾಗುತ್ತದೆ.

ಯಾರು ಬಳಸಿದರು?

ಮಾಡಿಸಿದವರ ಹೆಸರು ಈ ಪ್ರತಿಯಲ್ಲಿ ಇಲ್ಲ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನ ಹೆಸರು, ಸಂವತ್ಸರ, ತಿಥಿ, "ಬೆನ್ನು ಸೊಂಟ ಕುತ್ತಿಗೆ ಮುರಿದುಕೊಂಡು ಬರೆದಿದ್ದೇನೆ, ಜೋಪಾನ ಮಾಡಿ" ಎಂಬ ಶ್ಲೋಕ ಎಲ್ಲ ನೋಡಿ ರೂಢಿಯಾದ ನನ್ನಂಥವರಿಗೆ ಈ ಮೌನ ಕಷ್ಟ. ಹಾಗಾಗಿ ಬಳಕೆಯ ಗುರುತುಗಳಿಗೆ ಹೋಗಬೇಕು.

2016ರ ಚಿತ್ರಗಳು ಬಂದಾಗ ಕಲಾ ಇತಿಹಾಸಕಾರ್ತಿ ಜೇನ್ ಗೆಡ್ಡಿಸ್ ಮತ್ತು ಅಲ್ಲಿನವರು ಎರಡು ಸಂಗತಿ ತೋರಿಸಿದರು. ಒಂದು, ಹಲವು ಹಾಳೆಗಳ ಮೇಲಂಚಿನ ನಡುವೆ ಬೆರಳಿನ ಕೊಳೆ. ತಾನೇ ಓದಿಕೊಳ್ಳುವವರು ಹಾಳೆಯ ಕೆಳಮೂಲೆ ಹಿಡಿದು ತಿರುವುತ್ತಾರೆ. ಮೇಲಂಚಿನ ನಡುವೆ ಕೈಯಿಡುವವರು ಪುಸ್ತಕವನ್ನು ಎದುರಿಗೆ ಕೂತವರ ಕಡೆ ತಿರುಗಿಸಿ ಹಿಡಿದು ಚಿತ್ರ ತೋರಿಸುತ್ತಿರುವವರು. ಎರಡು, ಕೆಲವು ಪದಗಳ ಮೇಲೆ ಗಟ್ಟಿಯಾಗಿ ಓದುವಾಗ ಎಲ್ಲಿ ಒತ್ತಬೇಕೆಂದು ತೋರಿಸುವ ಗುರುತು. ಅಂದರೆ ಪುಸ್ತಕ ರಾಜನ ಪೆಟ್ಟಿಗೆಯ ಒಡವೆಯಾಗಿ ಹುಟ್ಟಿದ್ದಲ್ಲ, ಒಬ್ಬರು ಓದಿ ಹೇಳಿ ಹಲವರಿಗೆ ಕಲಿಸಿದ ಪುಸ್ತಕ.

ಪಾಠವೂ ಇದೇ ಕಡೆ ಕೈ ತೋರಿಸುತ್ತದೆ. ಪಕ್ಷಿಗಳ ಭಾಗದಲ್ಲಿ ಬಹಳಷ್ಟು ಬಂದಿರುವುದು ಹನ್ನೆರಡನೆಯ ಶತಮಾನದ ಫ್ರಾನ್ಸಿನ ಮಠಾಧಿಕಾರಿ ಹ್ಯೂ ಆಫ್ ಫೂಯಾ ಬರೆದ ಪಕ್ಷಿಗ್ರಂಥದಿಂದ. ಯೋಧನ ಬಾಳು ಬಿಟ್ಟು ಮಠ ಸೇರಿದ ರೈನಿಯೆ ಎಂಬುವನಿಗಾಗಿ ಹ್ಯೂ ಅದನ್ನು ಬರೆದ. ಒಂದೇ ಕೋಲಿನ ಮೇಲೆ ಗಿಡುಗವೂ ಪಾರಿವಾಳವೂ ಕೂತಿವೆ, ನಾನು ಗುರುಗಳ ಕಡೆಯಿಂದ ಬಂದವನು, ನೀನು ಸೈನ್ಯದ ಕಡೆಯಿಂದ ಬಂದವನು ಎಂದು ಶುರುಮಾಡುತ್ತಾನೆ. ಓದು ಬಾರದವರಿಗೆ ಚಿತ್ರದ ಮೂಲಕ ಹೇಳಬೇಕೆಂಬ ಉದ್ದೇಶವನ್ನು ಬಿಚ್ಚಿಯೇ ಹೇಳಿದ್ದಾನೆ. ಮೇಲಂಚಿನ ಕೊಳೆಯನ್ನೂ ಈ ಮುನ್ನುಡಿಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಠದ ಒಳಗಿನ ಪಾಠದ ಮನೆ ಕಣ್ಣಿಗೆ ಬರುತ್ತದೆ. ಯಾವ ಮಠ ಎಂದು ಹೇಳುವ ಆಸೆಯನ್ನು ತಡೆದುಕೊಳ್ಳಿ.

ಒಡೆತನ: ಇವತ್ತಿನಿಂದ ಹಿಂದಕ್ಕೆ

ಮಾಡಿದ ಬಗೆಯನ್ನು ಮೊದಲಿನಿಂದ ಮುಂದಕ್ಕೆ ಬಿಡಿಸಬೇಕು. ಒಡೆತನವನ್ನು ಇವತ್ತಿನಿಂದ ಹಿಂದಕ್ಕೆ. ಜಮೀನಿನ ಪತ್ರ ನೋಡುವ ವಕೀಲರೂ ಹೀಗೇ ಮಾಡುತ್ತಾರೆ. ಈಗಿನ ಒಡೆಯರಲ್ಲಿ ದಾಖಲೆ ಗಟ್ಟಿ, ಹಿಂದೆ ಹೋದಂತೆ ತೆಳು.

ಈಗ ಅಬರ್ಡೀನ್ ವಿಶ್ವವಿದ್ಯಾಲಯ. ಅದು ಇಂದಿನ ರೂಪಕ್ಕೆ ಬಂದದ್ದು 1860ರಲ್ಲಿ, ಕಿಂಗ್ಸ್ ಕಾಲೇಜು ಮತ್ತು 1593ರಲ್ಲಿ ಸ್ಥಾಪನೆಯಾದ ಮಾರ್ಷಲ್ ಕಾಲೇಜು ಒಂದಾದಾಗ. ನಮ್ಮ ಪುಸ್ತಕ ಮಾರ್ಷಲ್ ಕಾಲೇಜಿನ ಕಡೆಯಿಂದ ಬಂದದ್ದು. 1932ರಲ್ಲಿ ಎಂ. ಆರ್. ಜೇಮ್ಸ್ ಎಂಬ ಮಹಾ ಸೂಚಿಕಾರ ಅಲ್ಲಿನ ಮಧ್ಯಯುಗದ ಹಸ್ತಪ್ರತಿಗಳ ಪಟ್ಟಿ ಪ್ರಕಟಿಸಿದ. ಯಾವುದೇ ಯುರೋಪಿನ ಪ್ರತಿ ಹಿಡಿದರೂ ಮೊದಲು ಇಂಥ ಮುದ್ರಿತ ಪಟ್ಟಿಯನ್ನು ಹುಡುಕಿ, ಅದರಲ್ಲಿ ಹಿಂದಿನ ಒಡೆಯರ ಗುರುತುಗಳನ್ನು ಅಕ್ಷರಶಃ ಕೊಟ್ಟಿರುತ್ತಾರೆ.

ಕಾಲೇಜಿಗೆ ಯಾರು ಕೊಟ್ಟರು? ಇಲ್ಲಿ ಥಾಮಸ್ ರೀಡ್ ಎಂಬಾತ ಬರುತ್ತಾನೆ. ಮಾರ್ಷಲ್ ಕಾಲೇಜಿನಲ್ಲಿ ಕಲಿಸಿದವನು, ಆಮೇಲೆ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ದೊರೆಯಾಗಿದ್ದ ಆರನೆಯ ಜೇಮ್ಸನ ಲ್ಯಾಟಿನ್ ಕಾರ್ಯದರ್ಶಿ. 1624ರಲ್ಲಿ ತೀರಿಕೊಂಡಾಗ ಸಾವಿರಕ್ಕೂ ಮಿಕ್ಕಿದ ತನ್ನ ಪುಸ್ತಕಗಳನ್ನೂ ಗ್ರಂಥಪಾಲಕನ ಸಂಬಳಕ್ಕೆ ಹಣವನ್ನೂ ಕಾಲೇಜಿಗೆ ಬಿಟ್ಟುಹೋದ. ಬೆಸ್ಟಿಯರಿ ಅವನ ಮೂಲಕ ಬಂದಿರಬೇಕು ಎಂದು ವಿದ್ವಾಂಸರು ಭಾವಿಸುತ್ತಾರೆ. ಇದು ಎರಡನೆಯ ಅಂಕಣ. ಈ ಮಾತಿಗೆ ಬಲ ಕೊಡುವ ಕೊಂಡಿಯೊಂದಿದೆ: ಆ ಕಾಲದ ರಾಜನ ಗ್ರಂಥಪಾಲಕ ಪ್ಯಾಟ್ರಿಕ್ ಯಂಗ್, ಮತ್ತು ದೊರೆ ಜೇಮ್ಸನ ಬರಹಗಳನ್ನು ಲ್ಯಾಟಿನ್ನಿಗೆ ತರುವ ಕೆಲಸದಲ್ಲಿ ಯಂಗ್ ಮತ್ತು ರೀಡ್ ಜೊತೆಗಾರರು. ಆ ಲ್ಯಾಟಿನ್ ಸಂಪುಟ ಬಂದದ್ದು 1619ರಲ್ಲಿ.

ರಾಜನ ಗ್ರಂಥಪಾಲಕ ಯಾಕೆ ಬಂದ ಎನ್ನುವಿರಿ. ಮೊದಲ ಹಾಳೆಗೆ ಹೋಗಿ. ಅಲ್ಲಿ 518 ಎಂಬ ಸಂಖ್ಯೆ ಇದೆ. 1542ರಲ್ಲಿ ಎಂಟನೆಯ ಹೆನ್ರಿಯ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಗ್ರಂಥಭಂಡಾರದ ಪಟ್ಟಿ ಮಾಡಿದರು. ಅದರಲ್ಲಿ 518ನೆಯದು "ಲಿಬೆರ್ ದೆ ಬೆಸ್ತಿಯಾರುಮ್ ನಾತೂರಾ", ಪ್ರಾಣಿಗಳ ಸ್ವಭಾವದ ಪುಸ್ತಕ. ಹಾಳೆಯ ಮೇಲಿನ ಸಂಖ್ಯೆಯೂ ಪಟ್ಟಿಯ ಸಂಖ್ಯೆಯೂ ಶೀರ್ಷಿಕೆಯೂ ಕೂಡಿಬಂದವು. ಇಂಥ ಕೂಡಿಕೆಯೇ ಒಡೆತನದ ಚರಿತ್ರೆಯ ಬೆನ್ನೆಲುಬು. ಎಷ್ಟು ಸಣ್ಣ ಸಂಖ್ಯೆಯನ್ನೂ "ಯಾರದೋ ಗೀಚು" ಎಂದು ಬಿಡಬೇಡಿ.

ಅದಕ್ಕೂ ಹಿಂದೆ? 1536ರಿಂದ 1540ರ ಒಳಗೆ ಹೆನ್ರಿ ಇಂಗ್ಲೆಂಡಿನ ಮಠಗಳನ್ನು ಮುಚ್ಚಿಸಿದ. ಅವುಗಳ ಪುಸ್ತಕಗಳು ದಿಕ್ಕಾಪಾಲಾದವು. ಜಾನ್ ಲೀಲೆಂಡ್ ಎಂಬ ವಿದ್ವಾಂಸ ಮಠದಿಂದ ಮಠಕ್ಕೆ ಅಲೆದು ಪುಸ್ತಕಗಳ ಟಿಪ್ಪಣಿ ಮಾಡಿಕೊಂಡ, ಒಂದಷ್ಟು ಅರಮನೆಯ ಭಂಡಾರ ಸೇರಿದವು. ನಮ್ಮ ಪುಸ್ತಕವೂ ಹಾಗೆ ಬಂದಿರಬಹುದು ಎಂಬುದು ಸಹಜ ಊಹೆ. ಮಠದ ಪುಸ್ತಕಗಳಲ್ಲಿ ಸಾಮಾನ್ಯವಾಗಿ "ಲಿಬೆರ್ ಸಾಂಕ್ತೆ ಮಾರಿಯೆ ದೆ" ಎಂದು ಮಠದ ಹೆಸರು, "ಎಕ್ಸ್ ದೋನೊ" ಎಂದು ಕೊಟ್ಟವರ ಹೆಸರು, ಕದ್ದವನಿಗೆ "ಅನಾತೆಮಾ" ಎಂಬ ಶಾಪ ಇರುತ್ತದೆ. ಈ ಮೂರನ್ನು ಗುರುತಿಸಲು ಕಲಿತರೆ ಬೇಕಾದಷ್ಟು ಲ್ಯಾಟಿನ್ ಬಂದಂತೆಯೇ. ಮೊದಲ ಹಾಳೆ, ಕೊನೆಯ ಹಾಳೆ, ಹೆರೆದ ಒರಟು ಜಾಗ, ಮೂರು ಕಡೆಯೂ ಹುಡುಕಿ.

ಬರೆದಿಡುವುದು

ಇಷ್ಟಾದ ಮೇಲೆ ಅರ್ಧ ಪುಟಕ್ಕೆ ಇಳಿಸಿ. ನಾನು ಒಪ್ಪುವ ಮಾದರಿ ಹೀಗಿರುತ್ತದೆ:

ಅಬರ್ಡೀನ್ ವಿಶ್ವವಿದ್ಯಾಲಯ ಗ್ರಂಥಾಲಯ, ಹಸ್ತಪ್ರತಿ 24. ಲ್ಯಾಟಿನ್ ಪ್ರಾಣಿಗ್ರಂಥ. ಚರ್ಮದ ಹಾಳೆ 103, ಸುಮಾರು 30 × 21 ಸೆಂ.ಮೀ. 9, 15, 21ರ ಆಸುಪಾಸಿನಲ್ಲಿ ಹಾಳೆಗಳು ಕಾಣೆಯಾಗಿವೆ, ಆಶ್ಮೋಲ್ 1511ರಿಂದ ವಿಷಯ ತಿಳಿಯುತ್ತದೆ. ಇಂಗ್ಲೆಂಡ್, ಸುಮಾರು 1200. ಕರಡು ರೇಖೆ, ಕೆಲಸದ ಸೂಚನೆ, ಪ್ರತಿ ಇಳಿಸಿಕೊಂಡ ಚುಚ್ಚು ಉಳಿದಿವೆ. ಮೇಲಂಚಿನ ಕೊಳೆ ಮತ್ತು ಒತ್ತಿನ ಗುರುತುಗಳಿಂದ ಪಾಠ ಹೇಳಲು ಬಳಕೆಯಾಗಿದೆ.
ಒಡೆತನ: 1200ರಿಂದ 1542ರ ಮೊದಲಿನವರೆಗೆ ದಾಖಲೆಯಿಲ್ಲ. 1542ರಲ್ಲಿ ವೆಸ್ಟ್‌ಮಿನ್‌ಸ್ಟರಿನ ರಾಜಭಂಡಾರ, ಸಂಖ್ಯೆ 518. ಮಾರ್ಷಲ್ ಕಾಲೇಜು, ಬಹುಶಃ ಥಾಮಸ್ ರೀಡನ ಮೂಲಕ. 1860ರಿಂದ ಅಬರ್ಡೀನ್ ವಿಶ್ವವಿದ್ಯಾಲಯ.

ಒಡೆತನದ ಮೊದಲ ಸಾಲನ್ನು ಗಮನಿಸಿ. ಮುನ್ನೂರು ವರ್ಷಕ್ಕೂ ಮಿಕ್ಕಿದ ಖಾಲಿಯನ್ನು ಖಾಲಿ ಎಂದೇ ಬರೆದಿದೆ. "ಬಹುಶಃ" ಎಂಬ ಪದ ಎಲ್ಲಿ ಬಂದಿದೆ, ಎಲ್ಲಿ ಬಂದಿಲ್ಲ ನೋಡಿ. ವಿದ್ಯಾರ್ಥಿಗಳ ಬರಹವನ್ನು ತಿದ್ದುವಾಗ ನಾನು ಹುಡುಕುವುದು ಈ ಪದವನ್ನೇ.

ಇದನ್ನು ಮುಗಿಸಿದವರು ಆಶ್ಮೋಲ್ 1511ನ್ನು ತೆಗೆದುಕೊಂಡು ಯಾರ ಸಹಾಯವಿಲ್ಲದೆ ಒಡೆತನದ ಸಾಲುಗಳನ್ನು ತುಂಬಿ. ಕೊನೆಯ ಎರಡು ಸಾಲು ನಾನೇ ಕೊಡುತ್ತೇನೆ: ಹದಿನೇಳನೆಯ ಶತಮಾನದ ಸಂಗ್ರಾಹಕ ಇಲಾಯಸ್ ಆಶ್ಮೋಲ್, ಮತ್ತು 1860ರಲ್ಲಿ ಆಶ್ಮೋಲಿಯನ್ ಮ್ಯೂಸಿಯಮ್ಮಿನಿಂದ ಬಾಡ್ಲಿಯನ್ನಿಗೆ ವರ್ಗ. ಅದಕ್ಕೂ ಹಿಂದಿನ ಹೆಸರುಗಳು ಅದರ ಆರಂಭದ ಹಾಳೆಗಳಲ್ಲಿವೆ, ದೊಡ್ಡದು ಮಾಡಿ ನೋಡಿ.